ಮೂರು ಡಿಗ್ರಿ ಕಡಲಿನಿಂದ ಬಾಣಂತಿಗೆ ಬಿಸಿನೀರು ಹೇಗೆ ಬರುತ್ತದೆ?

ನೀರ್ಚಾಲಿನ ಅಜ್ಜಿ | ಭಾನುವಾರ ಬೆಳಿಗ್ಗೆ 6:50

ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿ ಓದಿ ಸುಮ್ನೆ ಹೋಗುವವಳು. ಆದರೆ ಒಂದು ಪ್ರಶ್ನೆ ವರ್ಷದಿಂದ ತಲೆಯಲ್ಲಿ ಕೂತಿದೆ. ಇವತ್ತು ಕೇಳಿಯೇ ಬಿಡುತ್ತೇನೆ.

2025ರ ಜನವರಿಯಲ್ಲಿ ಮಗಳ ಬಾಣಂತನಕ್ಕೆ ಡೆನ್ಮಾರ್ಕಿಗೆ ಹೋಗಿದ್ದೆ. ಊರು ಎಸ್ಬಿಯರ್ಗ್. ಅಲ್ಲಿಯವರು ಬೇರೆ ಏನೋ ಹೇಳುತ್ತಾರೆ, ನನ್ನ ನಾಲಿಗೆಗೆ ಬರುವುದು ಇಷ್ಟೇ. ಮದ್ದಿನ ಪುಡಿ, ಎಣ್ಣೆ, ಲೇಹ್ಯ ಎಲ್ಲ ಕಟ್ಟಿಕೊಂಡು ಹೋದೆ. ಇದ್ದದ್ದು ಒಂದೇ ಚಿಂತೆ, ನೀರಿನದು. ನಮ್ಮ ಮನೆಯಲ್ಲಿ ಬಾಣಂತಿ ಮೀಯುವ ದಿನ ಹಂಡೆ ಎರಡು ಸಲ ತುಂಬಬೇಕು. ಬೆಳಗಿನ ಜಾವ ನಾಲ್ಕಕ್ಕೆ ಅಡಿಕೆ ಸಿಪ್ಪೆ, ಕೊತ್ತಳಿಗೆ ತುರುಕಿ ಬೆಂಕಿ ಹಾಕಿದರೆ ಆರಕ್ಕೆ ನೀರು ಮರಳುತ್ತದೆ. ಆ ಚಳಿಯ ದೇಶದಲ್ಲಿ ಇದಕ್ಕೆಲ್ಲ ಏನು ಮಾಡುವುದು ಅಂತ.

ಹೋಗಿ ನೋಡಿದರೆ ನಲ್ಲಿ ತಿರುಗಿಸಿದಲ್ಲಿಗೆ ಬಿಸಿನೀರು. ಎಷ್ಟು ಬಿಟ್ಟರೂ ಮುಗಿಯುವುದಿಲ್ಲ. ಗೀಸರ್ ಎಲ್ಲಿ ಅಂತ ಹುಡುಕಿದೆ. ಇಲ್ಲ. ಬಟ್ಟೆ ಒಗೆಯುವ ಕೋಣೆಯ ಗೋಡೆಯಲ್ಲಿ ಒಂದು ಬಿಳಿ ಪೆಟ್ಟಿಗೆ, ಬೆಂಕಿಯೂ ಇಲ್ಲ, ಸದ್ದೂ ಇಲ್ಲ. ರಸ್ತೆಯ ಅಡಿಯಿಂದ ಎರಡು ಪೈಪು ಅದಕ್ಕೆ ಬರುತ್ತವೆ. ಒಂದನ್ನು ಮುಟ್ಟಿದರೆ ಕೈ ಸುಡುತ್ತದೆ, ಇನ್ನೊಂದು ಉಗುರುಬೆಚ್ಚಗೆ. "ಇಡೀ ಊರಿಗೆ ಒಂದೇ ಹಂಡೆ ಅತ್ತೆ" ಅಂದ ಅಳಿಯ. ಅಷ್ಟು ಅರ್ಥವಾಯಿತು. ಹಂಡೆಯ ಅಡಿಗೆ ಏನು ಉರಿಸುತ್ತಾರೆ ಅಂತ ಕೇಳಿದೆ. "ಮೊದಲು ಕಲ್ಲಿದ್ದಲು. ಈಗ ಒಂದು ದೊಡ್ಡ ಪಾಲು ಕಡಲಿನಿಂದ ತೆಗೆಯುತ್ತಾರೆ" ಅಂದ.

ತಮಾಷೆ ಮಾಡುತ್ತಿದ್ದಾನೆ ಅಂದುಕೊಂಡೆ. ಆಮೇಲೊಂದು ದಿನ ಅವನ ಜೊತೆ ಕಡಲ ಕಡೆ ಹೋದೆ. ಅಲ್ಲಿ ನಾಲ್ಕು ಬಿಳಿ ಮನುಷ್ಯರ ಪ್ರತಿಮೆ ಇದೆ, ಒಂದೊಂದೂ ಒಂಬತ್ತು ಮೀಟರ್ ಎತ್ತರ, ಕಡಲನ್ನೇ ನೋಡುತ್ತಾ ಕೂತಿವೆ. ನೀರಿಗೆ ಕೈ ಅದ್ದಿದೆ. ಎಲುಬಿನ ಒಳಗೆ ನೋವು ಹತ್ತಿತು. ಮೂರು ಡಿಗ್ರಿ ಇರಬಹುದು ಅಂದ. ದೂರದಲ್ಲಿ ಹಳೆಯ ಕಲ್ಲಿದ್ದಲು ಸ್ಥಾವರದ ಚಿಮಿಣಿ, 250 ಮೀಟರ್, ಆ ದೇಶದಲ್ಲೇ ಎತ್ತರದ್ದಂತೆ. 2024ರಲ್ಲಿ ಸ್ಥಾವರ ನಿಲ್ಲಿಸಿದ್ದಾರೆ, ಹೊಗೆ ಇಲ್ಲ.

ಮೂರು ಡಿಗ್ರಿ ನೀರಿನಲ್ಲಿ ಬಿಸಿ ಎಲ್ಲಿದೆ? ಇಲ್ಲದ್ದನ್ನು ತೆಗೆಯುವುದು ಹೇಗೆ? ಅಳಿಯ ಹೇಳಿದ್ದು ತಲೆಗೆ ಹೋಗಲಿಲ್ಲ. ಯಾರಾದರೂ ನಮ್ಮ ಭಾಷೆಯಲ್ಲಿ ಹೇಳಿ.

ಕುಂಬಳೆ ಫ್ರಿಜ್ ರಿಪೇರಿ | ಭಾನುವಾರ ಬೆಳಿಗ್ಗೆ 7:35

ಅಮ್ಮ, ಉತ್ತರ ನಿಮ್ಮ ಅಡುಗೆಮನೆಯಲ್ಲೇ ಇದೆ. ಫ್ರಿಜ್ಜಿನ ಪಕ್ಕಕ್ಕೆ ಅಂಗೈ ಇಟ್ಟು ನೋಡಿ. ಬೆಚ್ಚಗಿದೆ ಅಲ್ವಾ? ಆ ಬಿಸಿ ಎಲ್ಲಿಂದ ಬಂತು? ಒಳಗಿಟ್ಟ ಹಾಲು, ಮೊಸರು, ನಿನ್ನೆಯ ಸಾರಿನಿಂದ. ಫ್ರಿಜ್ ತಂಪನ್ನು ಹುಟ್ಟಿಸುವುದಿಲ್ಲ. ಒಳಗಿನ ಬಿಸಿಯನ್ನು ಹೊತ್ತು ಹೊರಗೆ ಹಾಕುತ್ತದೆ, ಅಷ್ಟೇ. ಎಸ್ಬಿಯರ್ಗಿನವರು ಕಡಲನ್ನು ಫ್ರಿಜ್ಜಿನ ಒಳಗೆ ಇಟ್ಟಿದ್ದಾರೆ, ಊರನ್ನು ಫ್ರಿಜ್ಜಿನ ಹಿಂದೆ ಇಟ್ಟಿದ್ದಾರೆ.

ಮೂರು ಡಿಗ್ರಿ ಅನ್ನುವುದು ನಿಮ್ಮ ಕೈಗೆ ಚಳಿ. ಮೈನಸ್ ಐದರಲ್ಲಿ ಕುದಿಯುವ ಗ್ಯಾಸಿಗೆ ಅದೇ ಬೆಂಕಿ. ಪೈಪಿನೊಳಗಿನ ಗ್ಯಾಸು ಕಡಲನೀರಿನ ಬಿಸಿ ಕುಡಿದು ಆವಿಯಾಗುತ್ತದೆ. ಕಂಪ್ರೆಸರ್ ಅದನ್ನು ಹಿಂಡುತ್ತದೆ. ಹಿಂಡಿದರೆ ಬಿಸಿ ಏರುತ್ತದೆ. ಸೈಕಲ್ ಪಂಪಿನ ತುದಿ ಬಿಸಿ ಆಗುತ್ತದಲ್ಲ, ಹಾಗೆ. ಆ ಬಿಸಿಯನ್ನು ಊರಿನ ಪೈಪಿನ ನೀರಿಗೆ ದಾಟಿಸಿ, ಗ್ಯಾಸಿನ ಒತ್ತಡ ಇಳಿಸಿ, ತಿರುಗಿ ಕಡಲ ಕಡೆಗೆ. ಹೀಗೆ ಬಿಸಿ ಎತ್ತುವ ಮೆಷಿನಿಗೆ ಹೀಟ್ ಪಂಪ್ ಅನ್ನುತ್ತಾರೆ. ಎಸಿ ರಿಪೇರಿಗೆ ಹೋದಾಗ ದಿನಾ ನೋಡುವುದು ಇದನ್ನೇ. ಅಳತೆ ಮಾತ್ರ ಬೇರೆ.

ಆ ಅಳತೆ ಎಷ್ಟು ಅಂತಲೂ ಹೇಳುತ್ತೇನೆ, ನನಗೆ ಇದು ಹುಚ್ಚು. ಎಸ್ಬಿಯರ್ಗಿನಲ್ಲಿ ಎರಡು ಮೆಷಿನ್ ಸೇರಿ 70 ಮೆಗಾವಾಟ್ ಬಿಸಿ. ಸುಮಾರು 25,000 ಮನೆಗೆ ಸಾಕು. ಸೆಕೆಂಡಿಗೆ 4,000 ಲೀಟರ್ ಕಡಲನೀರು ಒಳಗೆ ಹೋಗಿ ಎರಡು ಮೂರು ಡಿಗ್ರಿ ಇಳಿದು ವಾಪಸು ಬರುತ್ತದೆ. ಒಂದು ಲೀಟರಿನಿಂದ ಸಿಗುವುದು ಚಿಲ್ಲರೆ ಕಾಸು. ಆದರೆ ಸೆಕೆಂಡಿಗೆ 4,000 ಸಲ ಚಿಲ್ಲರೆ ಬಿದ್ದರೆ ಲೆಕ್ಕವೇ ಬೇರೆ. ಒಂದು ಯೂನಿಟ್ ಕರೆಂಟ್ ಹಾಕಿದರೆ ಸುಮಾರು ಮೂರು ಯೂನಿಟ್ ಬಿಸಿ ಕೈಗೆ ಬರುತ್ತದೆ.

ಒಳಗೆ ಓಡುವ ಗ್ಯಾಸು ಯಾವುದು ಗೊತ್ತಾ? ಕಾರ್ಬನ್ ಡೈಆಕ್ಸೈಡ್! ಯಾವುದನ್ನು ಕಡಿಮೆ ಮಾಡಬೇಕು ಅಂತ ಹೊರಟರೋ ಅದನ್ನೇ ಕೆಲಸಕ್ಕೆ ಹಚ್ಚಿದ್ದಾರೆ. ಅಲ್ಲಿಯ ವಾಡನ್ ಸಮುದ್ರ ಯುನೆಸ್ಕೊದ ವಿಶ್ವ ಪರಂಪರೆ ಪಟ್ಟಿಯಲ್ಲಿದೆ. ಸೋರಿದರೂ ಕಡಲಿಗೆ ವಿಷ ಆಗಬಾರದು, ಹಾಗಾಗಿ ಇದು. ಕಂಪ್ರೆಸರಿಗೆ ಎಣ್ಣೆಯೂ ಇಲ್ಲ. ಅಯಸ್ಕಾಂತದ ಮೇಲೆ ತೇಲುತ್ತಾ ತಿರುಗುತ್ತದೆ.

ಪೆರ್ಲದ ತೋಟಗಾರ | ಭಾನುವಾರ ಬೆಳಿಗ್ಗೆ 8:10

ಒಂದು ಹಾಕಿದರೆ ಮೂರು ಬರುತ್ತದೆ ಅಂತ ನಮ್ಮೂರಿಗೂ ಒಬ್ಬ ಬಂದಿದ್ದ. ಚಿಟ್ ಫಂಡ್ ಕಟ್ಟಿಸಿಕೊಂಡು ಹೋದ.

ಬೇಳದ ಮಾಸ್ಟ್ರು | ಭಾನುವಾರ ಬೆಳಿಗ್ಗೆ 8:25

ಹ್ಹ ಹ್ಹ. ಇಲ್ಲಿ ಮೋಸ ಇಲ್ಲ, ಯಾಕೆಂದರೆ ಉಳಿದ ಎರಡು ಯೂನಿಟ್ ಕಡಲಿನದ್ದು. ಕರೆಂಟು ಹಮಾಲಿ ಕೂಲಿ ಮಾತ್ರ. ಗೀಸರ್ ಬಿಸಿಯನ್ನು ತಯಾರು ಮಾಡುತ್ತದೆ, ಹೀಟ್ ಪಂಪ್ ಬಿಸಿಯನ್ನು ಸಾಗಿಸುತ್ತದೆ.

ಮುಳ್ಳೇರಿಯ ಟು ಸ್ಟಾಕ್‌ಹೋಮ್ | ಭಾನುವಾರ ಬೆಳಿಗ್ಗೆ 11:40

ನಾನು ಇರುವ ಊರಿನಲ್ಲಿ ಇದು ಹಳೆ ಕಥೆ. ಎಪ್ಪತ್ತರ ದಶಕದ ಎಣ್ಣೆ ಬಿಕ್ಕಟ್ಟಿನಲ್ಲಿ ಸ್ವೀಡನ್ ಚೆನ್ನಾಗಿ ಪೆಟ್ಟು ತಿಂದಿತು. ಆಮೇಲೆ ಅಣುಸ್ಥಾವರಗಳಿಂದ ಕರೆಂಟು ಜಾಸ್ತಿ ಆಯಿತು. ಎಣ್ಣೆ ಉರಿಸುವ ಬದಲು ಆ ಕರೆಂಟಿನಿಂದ ಹೀಟ್ ಪಂಪ್ ಓಡಿಸೋಣ ಅಂತ ಎಂಬತ್ತರ ದಶಕದಲ್ಲೇ ಕಟ್ಟಿದರು. ರೋಪ್‌ಸ್ಟೆನ್ ಅನ್ನುವ ಜಾಗದಲ್ಲಿ ಕಡಲನೀರಿನದ್ದು 180 ಮೆಗಾವಾಟ್. ಚಳಿಗಾಲದಲ್ಲಿ ಮೇಲಿನ ನೀರು ತೀರಾ ತಣ್ಣಗಾಗುತ್ತದೆ, ಆಗ ಆಳದಿಂದ ಎಳೆಯುತ್ತಾರೆ.

ಇನ್ನೊಂದು ಹಮ್ಮರ್ಬಿ ಅಂತ, 225 ಮೆಗಾವಾಟ್. ಅದು ಏನಿನಿಂದ ಗೊತ್ತಾ? ಮೋರಿ ನೀರಿನಿಂದ! ಶುದ್ಧ ಮಾಡಿ ಹೊರಗೆ ಬಿಡುವ ಒಳಚರಂಡಿ ನೀರು ಚಳಿಗಾಲದಲ್ಲೂ ಕಡಲಿಗಿಂತ ಬೆಚ್ಚಗಿರುತ್ತದೆ. ಎಲ್ಲರ ಸ್ನಾನದ ನೀರು, ಪಾತ್ರೆ ತೊಳೆದ ನೀರು ಅಲ್ವಾ. ಹೆಲ್ಸಿಂಕಿಯಲ್ಲಿ ಕಾತ್ರಿ ವಾಲಾ ಅನ್ನುವ ಪಾರ್ಕಿನ ಅಡಿಗೆ, ಬಂಡೆಯೊಳಗೆ ಇಂಥದ್ದೇ ಒಂದು 2006ರಿಂದ ಓಡುತ್ತಿದೆ. ವಿಯೆನ್ನಾದಲ್ಲಿ 2023ರ ಕೊನೆಗೆ 55 ಮೆಗಾವಾಟಿನದ್ದು ಶುರುವಾಯಿತು. ಜರ್ಮನಿಯ ಮನ್‌ಹೈಮಿನಲ್ಲಿ ರೈನ್ ನದಿಯಿಂದ ತೆಗೆಯುತ್ತಾರೆ, ಅದೂ ಕಲ್ಲಿದ್ದಲು ಸ್ಥಾವರದ ಅಂಗಳದಲ್ಲೇ.

ಪುತ್ತಿಗೆ ಭಟ್ರ ಮೊಮ್ಮಗ | ಭಾನುವಾರ ಮಧ್ಯಾಹ್ನ 12:05

ಮೋರಿ ನೀರಿನ ಬಿಸಿಯಲ್ಲಿ ಸ್ನಾನ. ನಮ್ಮ ಅಜ್ಜನ ಕಿವಿಗೆ ಈ ಸುದ್ದಿ ಬೀಳದ ಹಾಗೆ ನೋಡಿಕೊಳ್ಳಬೇಕು. ಮಡಿಯಲ್ಲಿದ್ದಾರೆ.

ಮುಳ್ಳೇರಿಯ ಟು ಸ್ಟಾಕ್‌ಹೋಮ್ | ಭಾನುವಾರ ಮಧ್ಯಾಹ್ನ 12:20

ನೀರಿಗೆ ನೀರು ತಾಗುವುದೇ ಇಲ್ಲ ಮಾರಾಯ. ಮಧ್ಯದಲ್ಲಿ ಲೋಹದ ಗೋಡೆ, ಗ್ಯಾಸು, ಮತ್ತೆ ಲೋಹದ ಗೋಡೆ. ಊರಿನ ಪೈಪಿನ ನೀರು ಕೂಡ ಮನೆಯ ನಲ್ಲಿಗೆ ಬರುವುದಿಲ್ಲ, ಅಜ್ಜಿ ನೋಡಿದ ಬಿಳಿ ಪೆಟ್ಟಿಗೆಯಲ್ಲಿ ಬಿಸಿ ಮಾತ್ರ ದಾಟುತ್ತದೆ. ಅಜ್ಜನಿಗೆ ಹೇಳು, ಮೂರು ಮಡಿ ದಾಟಿ ಬಂದ ಬಿಸಿ ಅಂತ.

ಬಾಯಾರು ಹಳೆ ಬಾಯ್ಲರ್ | ಭಾನುವಾರ ಸಂಜೆ 4:15

ಮೂವತ್ತು ವರ್ಷ ಉಷ್ಣ ವಿದ್ಯುತ್ ಸ್ಥಾವರದಲ್ಲಿ ಬಾಯ್ಲರ್ ಮುಂದೆ ನಿಂತವನು ನಾನು. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದೀರಿ, ಒಂದು ಮಾತು ಹೇಳುತ್ತೇನೆ. ಕಲ್ಲಿದ್ದಲಿನಲ್ಲಿರುವ ಶಕ್ತಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಬಿಸಿಯಾಗಿ ಹೊರಗೆ ಹೋಗುತ್ತದೆ. ನಾವು ಅದನ್ನು ಕೂಲಿಂಗ್ ಟವರಿನಿಂದ ಆಕಾಶಕ್ಕೆ ಬಿಡುತ್ತಿದ್ದೆವು. ಹೊಟ್ಟೆ ಉರಿಯುತ್ತಿತ್ತು. ಆ ಯುರೋಪಿನವರು ಅದನ್ನು ವ್ಯರ್ಥ ಮಾಡದೆ ಊರಿನ ಪೈಪಿಗೆ ಹಾಕುತ್ತಿದ್ದರು. ಕರೆಂಟಿನ ಜೊತೆ ಬಂದ ಬಿಸಿ ಬಹುಮಟ್ಟಿಗೆ ಪುಕ್ಕಟೆ. ಅದನ್ನು ನಿಲ್ಲಿಸಿ, ಕರೆಂಟು ಸುರಿದು ಕಡಲಿನಿಂದ ಬಿಸಿ ತೆಗೆಯುವುದು ಯಾವ ಜಾಣತನ?

ಬೇಳದ ಮಾಸ್ಟ್ರು | ಭಾನುವಾರ ಸಂಜೆ 5:30

ನಿಮ್ಮ ಮಾತಿನಲ್ಲಿ ತೂಕ ಇದೆ. ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ. ಆದರೆ ಪೂರ್ತಿ ಪುಕ್ಕಟೆ ಅಲ್ಲ. ಊರಿಗೆ 90 ಡಿಗ್ರಿ ಕೊಡಬೇಕಾದರೆ ಟರ್ಬೈನಿನಿಂದ ಆವಿಯನ್ನು ಸ್ವಲ್ಪ ಬೇಗ ತೆಗೆಯಬೇಕು, ಅಷ್ಟು ಕರೆಂಟು ಕಡಿಮೆ ಆಗುತ್ತದೆ. ಕೂಲಿಂಗ್ ಟವರಿಗೆ ಹೋಗುವ ಬಿಸಿ 35, 40 ಡಿಗ್ರಿಯದ್ದು, ಅದರಿಂದ ಹಳೆ ಕಟ್ಟಡಗಳು ಬೆಚ್ಚಗಾಗುವುದಿಲ್ಲ. ಆದರೂ ಒಪ್ಪುತ್ತೇನೆ, ಕಲ್ಲಿದ್ದಲು ಹೇಗೂ ಉರಿಯುವುದಾದರೆ ಅದರ ಬಿಸಿ ಹಿಡಿಯುವುದೇ ಒಳ್ಳೆಯದು.

ಆ "ಹೇಗೂ ಉರಿಯುವುದಾದರೆ" ಅನ್ನುವಲ್ಲೇ ವಿಷಯ ಇರುವುದು. ಡೆನ್ಮಾರ್ಕಿನ ಕರೆಂಟಿನಲ್ಲಿ ಅರ್ಧಕ್ಕಿಂತ ಜಾಸ್ತಿ ಗಾಳಿಯಿಂದ ಬರುತ್ತದೆ. ಎಸ್ಬಿಯರ್ಗ್ ಬಂದರಿನಿಂದಲೇ ಕಡಲೊಳಗಿನ ಗಾಳಿಯಂತ್ರಗಳು ಹೋಗುವುದು. ಗಾಳಿ ಜೋರಾದ ರಾತ್ರಿ ಕಲ್ಲಿದ್ದಲಿನ ಕರೆಂಟು ಯಾರಿಗೂ ಬೇಡ. ಆದರೆ ಊರಿಗೆ ಬಿಸಿ ಬೇಕಲ್ಲ, ಹಾಗಾಗಿ ಬಾಯ್ಲರ್ ಉರಿಸಲೇಬೇಕು. ಬಿಸಿಗೋಸ್ಕರ ಕಲ್ಲಿದ್ದಲು, ಜೊತೆಗೆ ಬೇಡದ ಕರೆಂಟು. ಹೀಟ್ ಪಂಪ್ ಬಂದ ಮೇಲೆ ಅದು ಉಲ್ಟಾ ಆಯಿತು. ಗಾಳಿ ಜಾಸ್ತಿ ಇದ್ದಾಗ ಪಂಪ್ ಓಡಿಸಿ ದೊಡ್ಡ ಟ್ಯಾಂಕಿನಲ್ಲಿ ಬಿಸಿನೀರು ತುಂಬಿಡುತ್ತಾರೆ. ವೋಯೆನ್ಸ್ ಅನ್ನುವ ಊರಿನಲ್ಲಂತೂ 2 ಲಕ್ಷ ಘನ ಮೀಟರಿನ ಹೊಂಡವೇ ಇದೆ. ಅಲ್ಲಿ ಬೇಸಿಗೆಯ ಬಿಸಿಲಿನ ಬಿಸಿನೀರನ್ನು ಮುಚ್ಚಿಟ್ಟು ಚಳಿಗಾಲಕ್ಕೆ ಬಳಸುತ್ತಾರೆ. ನಮ್ಮ ಮದಕಗಳಲ್ಲಿ ಮಳೆನೀರು ನಿಲ್ಲಿಸಿ ಬೇಸಿಗೆಗೆ ಬಳಸುವುದಿಲ್ವಾ, ಅದನ್ನೇ ತಿರುಗಿಸಿ ಹಾಕಿದ ಹಾಗೆ.

ಪೆರ್ಲದ ತೋಟಗಾರ | ಭಾನುವಾರ ಸಂಜೆ 6:00

ಅವರಲ್ಲಿ ಗಾಳಿ ಇದೆ. ಕರೆಂಟು ಕಲ್ಲಿದ್ದಲಿನಿಂದಲೇ ಬರುವ ದೇಶದಲ್ಲಿ ಇದನ್ನು ಹಾಕಿದರೆ ಹೊಗೆ ಕಡಲತೀರದಿಂದ ಇನ್ನೊಂದು ಊರಿಗೆ ಹೋಯಿತು, ಅಷ್ಟೇ ತಾನೇ?

ಬೇಳದ ಮಾಸ್ಟ್ರು | ಭಾನುವಾರ ರಾತ್ರಿ 8:45

ಒಳ್ಳೆ ಪ್ರಶ್ನೆ, ಲೆಕ್ಕ ಹಾಕಿಯೇ ನೋಡೋಣ. ಬಾಯ್ಲರಿನಲ್ಲಿ ಕಲ್ಲಿದ್ದಲು ಉರಿಸಿ ಒಂದು ಯೂನಿಟ್ ಬಿಸಿ ಮಾಡಿದರೆ ಸುಮಾರು 400 ಗ್ರಾಂ ಕಾರ್ಬನ್ ಡೈಆಕ್ಸೈಡ್. ನೈಸರ್ಗಿಕ ಅನಿಲ ಉರಿಸಿದರೆ ಸುಮಾರು 220 ಗ್ರಾಂ. ನಮ್ಮ ದೇಶದ ಗ್ರಿಡ್ಡಿನಲ್ಲಿ ಒಂದು ಯೂನಿಟ್ ಕರೆಂಟಿಗೆ ಸುಮಾರು 700 ಗ್ರಾಂ. ಗೀಸರ್ ಹಾಕಿದರೆ ಆ 700 ಪೂರ್ತಿ. ಮೂರು ಪಟ್ಟು ಕೊಡುವ ಹೀಟ್ ಪಂಪ್ ಹಾಕಿದರೆ ಮೂರರಿಂದ ಭಾಗಿಸಿ, 233.

ಅಂದರೆ ಇಷ್ಟು ಕಲ್ಲಿದ್ದಲಿನ ಗ್ರಿಡ್ಡಿನಲ್ಲೂ ಕಲ್ಲಿದ್ದಲು ಬಾಯ್ಲರಿಗಿಂತ ಹೆಚ್ಚುಕಮ್ಮಿ ಅರ್ಧ. ಅನಿಲದ ಬಾಯ್ಲರಿನ ಹತ್ತಿರ ಸರಿಸಮ, ಲಾಭ ಏನೂ ಇಲ್ಲ. ಗ್ರಿಡ್ ಶುದ್ಧವಾದಷ್ಟೂ 233 ತಾನಾಗಿ ಇಳಿಯುತ್ತದೆ, ಬಾಯ್ಲರಿನ 400 ಎಲ್ಲಿ ಇತ್ತೋ ಅಲ್ಲೇ ಇರುತ್ತದೆ. ಜಗತ್ತಿನ ಊರೊಟ್ಟಿನ ಹಂಡೆಗಳಲ್ಲಿ ಶೇಕಡಾ 90ರಷ್ಟು ಬಿಸಿ ಇವತ್ತಿಗೂ ಕಲ್ಲಿದ್ದಲು, ಅನಿಲ, ಎಣ್ಣೆಯಿಂದಲೇ ಬರುವುದು. ಚೀನಾ, ರಷ್ಯಾದಲ್ಲೇ ದೊಡ್ಡ ಪಾಲು. ಎಸ್ಬಿಯರ್ಗನ್ನು ನೋಡಿ ಎಲ್ಲ ಕಡೆ ಹಾಗೆ ಆಗಿಬಿಟ್ಟಿದೆ ಅಂದುಕೊಳ್ಳಬಾರದು.

ಪೆರ್ಲದ ತೋಟಗಾರ | ಭಾನುವಾರ ರಾತ್ರಿ 9:10

ಒಪ್ಪಿದೆ. ಚಿಟ್ ಫಂಡ್ ಮಾತು ವಾಪಸು. ಆದರೆ ಒಂದಕ್ಕೆ ಮೂರೇ ಯಾಕೆ? ನಮ್ಮ ಎಸಿ ಒಂದಕ್ಕೆ ನಾಲ್ಕೈದು ಅನ್ನುತ್ತಾರಲ್ಲ?

ಕುಂಬಳೆ ಫ್ರಿಜ್ ರಿಪೇರಿ | ಭಾನುವಾರ ರಾತ್ರಿ 9:40

ನೀವು ತೋಟಗಾರರು, ನಿಮಗೆ ಇದು ಬೇಗ ಹಿಡಿಯುತ್ತದೆ. ಗುಡ್ಡದ ಮೇಲಿನ ತೋಟಕ್ಕೆ ಪಂಪ್‌ಸೆಟ್ ತರಲು ಹೋದರೆ ಅಂಗಡಿಯವನು ಮೊದಲು ಏನು ಕೇಳುತ್ತಾನೆ? ಎಷ್ಟು ಎತ್ತರ ಅಂತ. ನೀರು ಎಷ್ಟಿದೆ ಅನ್ನುವುದು ಆಮೇಲೆ. ಇಪ್ಪತ್ತು ಅಡಿ ಎತ್ತಲು ಒಂದು ಎಚ್‌ಪಿ ಸಾಕು, ಇನ್ನೂರು ಅಡಿಗೆ ಅದೇ ನೀರಿಗೆ ಹತ್ತು ಬೇಕು. ಹೀಟ್ ಪಂಪೂ ಪಂಪೇ. ಎತ್ತುವುದು ನೀರಲ್ಲ, ಡಿಗ್ರಿ.

ನಿಮ್ಮ ಎಸಿ ಕೋಣೆಯ 24ರಿಂದ ಹೊರಗಿನ 35ಕ್ಕೆ ಎತ್ತುತ್ತದೆ, ಮೋಟು ಗುಡ್ಡ. ಎಸ್ಬಿಯರ್ಗಿನದ್ದು ಮೂರರಿಂದ ಎಂಬತ್ತು ತೊಂಬತ್ತಕ್ಕೆ. ಅದು ಪೊಸಡಿಗುಂಪೆ ಗುಡ್ಡ ಹತ್ತಿದ ಹಾಗೆ. ಆದ್ದರಿಂದ ಅಲ್ಲಿ ಎಲ್ಲರ ತಲೆಬಿಸಿ ಒಂದೇ, ಊರಿನ ಪೈಪಿನ ಬಿಸಿಯನ್ನು ಹೇಗೆ ಇಳಿಸುವುದು. ಮೊದಲು ಆವಿಯನ್ನೇ ಕಳಿಸುತ್ತಿದ್ದರು, ನ್ಯೂಯಾರ್ಕಿನಲ್ಲಿ 1882ರಿಂದ ಇವತ್ತಿಗೂ ಹಾಗೇ. ಆಮೇಲೆ ನೂರು ಡಿಗ್ರಿ ದಾಟಿದ ನೀರು, ಆಮೇಲೆ ಎಂಬತ್ತು ತೊಂಬತ್ತು. ಈಗ ಹೊಸ ಬಡಾವಣೆಗಳಲ್ಲಿ 55, 60ಕ್ಕೆ ಇಳಿಸಿದ್ದಾರೆ. ಇನ್ನೂ ಇಳಿಸಬಹುದಿತ್ತು, ಆದರೆ ಉಗುರುಬೆಚ್ಚಗಿನ ನಲ್ಲಿ ನೀರಿನಲ್ಲಿ ಲೀಜಿಯೊನೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಬೆಳೆಯುತ್ತದೆ, ಜನ ಸತ್ತದ್ದಿದೆ.

ಹಳೆ ಮನೆಗಳೇ ಕಷ್ಟ. ಗೋಡೆಯಿಂದ ಚಳಿ ನುಗ್ಗುತ್ತದೆ, ರೇಡಿಯೇಟರ್ ಸಣ್ಣದು, ಅದಕ್ಕೆ ಕುದಿನೀರೇ ಬೇಕು. ದೊಡ್ಡ ಮೆಷಿನ್ ಫೋಟೋ ಎಲ್ಲರೂ ಹಾಕುತ್ತಾರೆ. ನನ್ನ ಪ್ರಕಾರ ಅರ್ಧ ಕೆಲಸ ಇರುವುದು ಮನೆಯ ಒಳಗೆ.

ದುಬೈಯಲ್ಲಿ ಮಂಜೇಶ್ವರದವ | ಸೋಮವಾರ ಬೆಳಿಗ್ಗೆ 6:20

ಇಲ್ಲಿ ಇದರ ಉಲ್ಟಾ ಇದೆ. ಒಂದೇ ಕಡೆ ನೀರು ತಂಪು ಮಾಡಿ ಪೈಪಿನಲ್ಲಿ ಟವರುಗಳಿಗೆ ಕಳಿಸುತ್ತಾರೆ. ನಮ್ಮ ಕಟ್ಟಡದಲ್ಲಿ ಎಸಿ ಡಬ್ಬವೇ ಇಲ್ಲ. ಗುಜರಾತಿನ ಗಿಫ್ಟ್ ಸಿಟಿಯಲ್ಲೂ ಇದೇ ವ್ಯವಸ್ಥೆ. ನಮ್ಮ ಕಡೆ ಯಾವತ್ತಾದರೂ ಬಂದರೆ ಇದೇ ಬರುವುದು, ಬಿಸಿಯ ಪೈಪ್ ಅಲ್ಲ. ಕಾಸರಗೋಡಿನಲ್ಲಿ ಮನೆ ಬಿಸಿ ಮಾಡಿ ಅಂತ ಹೇಳಿದರೆ ಹೊಡೆದಾರು.

ಉಪ್ಪಳ ಹೋಮ್‌ಸ್ಟೇ | ಸೋಮವಾರ ಬೆಳಿಗ್ಗೆ 9:00

ಹೀಟ್ ಪಂಪ್ ಅಂದ ಕೂಡಲೇ ನನಗೆ ಮೈ ಉರಿಯುತ್ತದೆ, ಆದ್ದರಿಂದ ನನ್ನ ಕಥೆಯನ್ನೂ ಕೇಳಿ. ಆರು ಕೋಣೆಯ ಹೋಮ್‌ಸ್ಟೇ, ಕಡಲಿನಿಂದ ಇನ್ನೂರು ಮೀಟರ್. ಆರು ಗೀಸರಿನ ಬಿಲ್ ನೋಡಿ ಸಾಕಾಗಿ 300 ಲೀಟರಿನ ಹೀಟ್ ಪಂಪ್ ಹಾಕಿಸಿದೆ. ಮೊದಲ ವರ್ಷ ಬಿಲ್ ನಿಜವಾಗಿ ಇಳಿಯಿತು, ಸುಳ್ಳು ಹೇಳುವುದಿಲ್ಲ. ಎರಡನೇ ಮಳೆಗಾಲ ಕಳೆಯುವಾಗ ಹಿಂದಿನ ಅಲ್ಯೂಮಿನಿಯಂ ರೆಕ್ಕೆಗಳು ಬೂದಿಯ ಹಾಗೆ ಉದುರತೊಡಗಿದವು. ಬೆರಳಿನಿಂದ ಮುಟ್ಟಿದರೆ ಬಿಳಿ ಪುಡಿ. ಗ್ಯಾಸು ಹೋಯಿತು. ಮಾರಿದವನಿಗೆ ಫೋನ್ ಮಾಡಿದರೆ ಉಪ್ಪುಗಾಳಿಗೆ ವಾರಂಟಿ ಇಲ್ಲ ಅಂದ. ಕಡಲ ಬದಿಯಲ್ಲೇ ಇದೆ ಅಂತ ನೋಡಿಯೇ ಅಲ್ವಾ ಫಿಟ್ ಮಾಡಿದ್ದು? ಕಡಲಿನ ಒಳಗೇ ಮೆಷಿನ್ ಇಟ್ಟವರಿಗೆ ಇದು ಆಗುವುದಿಲ್ವಾ?

ಕುಂಬಳೆ ಫ್ರಿಜ್ ರಿಪೇರಿ | ಸೋಮವಾರ ಬೆಳಿಗ್ಗೆ 9:30

ಆಗುತ್ತದೆ, ಆದ್ದರಿಂದಲೇ ಅಂಥ ಕಡೆ ಕಡಲನೀರು ತಾಗುವಲ್ಲಿ ಟೈಟಾನಿಯಂ ಥರದ ಲೋಹ ಹಾಕುತ್ತಾರೆ. ಮೀನು ಬರದ ಹಾಗೆ ಜಾಲರಿ, ಪಾಚಿ ಕಟ್ಟದ ಹಾಗೆ ತೊಳೆಯುವ ವ್ಯವಸ್ಥೆ, ಅದಕ್ಕೇ ಸಾಕಷ್ಟು ಖರ್ಚು ಅನ್ನಿ. ನಿಮ್ಮ ಮೆಷಿನಿಗೆ ಲೇಪನ ಹಾಕಿದ ರೆಕ್ಕೆ ಇರಬೇಕಿತ್ತು, ಇಲ್ಲವಾದರೆ ತಾಮ್ರದ್ದು. ವಾರಕ್ಕೊಮ್ಮೆ ಬಾವಿನೀರಿನಿಂದ ತೊಳೆದಿದ್ದರೂ ಇನ್ನೆರಡು ವರ್ಷ ಬರುತ್ತಿತ್ತು. ಅದನ್ನು ಹೇಳದೆ ಮಾರಿದ್ದು ತಪ್ಪು. ಮೆಷಿನಿನ ಒಳಭಾಗ ಎಸೆಯಬೇಡಿ, ನೋಡಲು ಬರುತ್ತೇನೆ.

ಪೆರ್ಲದ ತೋಟಗಾರ | ಸೋಮವಾರ ಮಧ್ಯಾಹ್ನ 1:15

ನನ್ನದೊಂದು ಸ್ವಾರ್ಥದ ಪ್ರಶ್ನೆ. ಅಡಿಕೆ ಒಣಗಲು ಅಂಗಳದಲ್ಲಿ ನಲವತ್ತು ದಿನ ಬಿಸಿಲು ಬೇಕು. ಈಚೆಗೆ ಹೊತ್ತಲ್ಲದ ಹೊತ್ತಿಗೆ ಮಳೆ. ನಾಲ್ಕಾರು ತೋಟದವರು ಸೇರಿ ಒಂದು ದೊಡ್ಡ ಹೀಟ್ ಪಂಪ್ ಡ್ರೈಯರ್ ಹಾಕಿದರೆ ಹೇಗೆ? ಊರಿಗೆ ಒಂದೇ ಹಂಡೆ ಅಂದರಲ್ಲ, ಹಾಗೆ ಊರಿಗೆ ಒಂದೇ ಅಂಗಳ.

ಬೇಳದ ಮಾಸ್ಟ್ರು | ಸೋಮವಾರ ಮಧ್ಯಾಹ್ನ 2:00

ನಮ್ಮ ಕಡೆ ಗುಡ್ಡ ಸಣ್ಣದು. ಗಾಳಿಯೇ 28 ಡಿಗ್ರಿ, ಒಣಗಿಸಲು 55, 60 ಸಾಕು. ಹಾಗಾಗಿ ಒಂದಕ್ಕೆ ನಾಲ್ಕರ ಹತ್ತಿರ ಸಿಗಬಹುದು. ಡ್ರೈಯರಿನಲ್ಲಿ ಇನ್ನೊಂದು ಲಾಭ ಇದೆ. ಅದು ಅಡಿಕೆಯಿಂದ ಎದ್ದ ತೇವವನ್ನು ತಣ್ಣಗಿನ ಕೊಳವೆಯಲ್ಲಿ ನೀರಾಗಿಸಿ, ಅದರ ಬಿಸಿಯನ್ನೂ ವಾಪಸು ಗಾಳಿಗೆ ಹಾಕುತ್ತದೆ. ಆದರೆ ಸಿಪ್ಪೆ, ಗೆರಟೆ ಮನೆಯಲ್ಲೇ ಪುಕ್ಕಟೆ ಸಿಗುವಾಗ ಹೋಲಿಸಬೇಕಾದ್ದು ಅದರ ಜೊತೆ. ಕಾಸರಗೋಡಿನ ತೋಟದ ಬೆಳೆ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐಯವರು ಕೊಬ್ಬರಿಗೆ ಗೆರಟೆ ಉರಿಸುವ ಡ್ರೈಯರ್ ಮಾಡಿದ್ದು ಸುಮ್ನೆ ಅಲ್ಲ. ಡೀಸೆಲ್ಲೋ ಕೊಂಡ ಸೌದೆಯೋ ಉರಿಸುವವರಿಗೆ ಹೀಟ್ ಪಂಪ್ ಲಾಭ, ನಿಮಗೆ ನನಗೆ ಸಂಶಯ. ಆಸ್ಪತ್ರೆ, ಹೋಟೆಲು, ಹಾಲಿನ ಡೇರಿ, ಇಂಥ ಕಡೆ ಕಣ್ಣು ಮುಚ್ಚಿ ಹಾಕಬಹುದು. ಡೇರಿಯಲ್ಲಂತೂ ಒಂದು ತುದಿಗೆ ತಂಪು ಬೇಕು, ಇನ್ನೊಂದು ತುದಿಗೆ ಬಿಸಿ ಬೇಕು.

ನೀರ್ಚಾಲಿನ ಅಜ್ಜಿ | ಸೋಮವಾರ ರಾತ್ರಿ 8:30

ಎಲ್ಲ ಓದಿದೆ. ಫ್ರಿಜ್ಜಿನ ಪಕ್ಕ ಕೈ ಇಟ್ಟು ನೋಡಿದೆ. ಪಂಪ್‌ಸೆಟ್ಟಿನ ಮಾತು ಮನಸ್ಸಿಗೆ ಹೋಯಿತು. ನೀರಿಗಾಗಿ ಗುಡ್ಡದೊಳಗೆ ಕೊರೆದ ನಮ್ಮ ಸುರಂಗದ ನೀರು ಧನು ತಿಂಗಳ ಬೆಳಿಗ್ಗೆ ಬೆಚ್ಚಗೆ, ಮೇ ತಿಂಗಳಲ್ಲಿ ತಣ್ಣಗೆ ಇರುವುದು ಯಾಕೆ ಅಂತಲೂ ಈಗ ಸ್ವಲ್ಪ ಹೊಳೆಯಿತು. ನೀರು ಅದೇ, ಹೊರಗಿನದ್ದೇ ಏರುವುದು ಇಳಿಯುವುದು.

ಮಗಳಿಗೆ ಇದನ್ನೆಲ್ಲ ಕಳಿಸಿದೆ. ಅವಳಿಗೆ ಈ ಸಲ ಬಿಲ್ಲಿನಲ್ಲಿ ದಂಡದ ಥರ ಏನೋ ಜಾಸ್ತಿ ಬಂದಿದೆಯಂತೆ. ವಾಪಸು ಹೋಗುವ ನೀರು ತುಂಬ ಬಿಸಿ ಇದೆ, ಸರಿಯಾಗಿ ತಣಿಸಿ ಕಳಿಸಿ ಅಂತ. ಬಿಸಿಯನ್ನು ಬಳಸದೆ ವಾಪಸು ಕೊಟ್ಟರೆ ದಂಡ ಯಾಕೆ? ನಾವು ಹಾಲು ಮಿಕ್ಕಿ ವಾಪಸು ಕೊಟ್ಟರೆ ಯಾರಾದರೂ ದಂಡ ಹಾಕುತ್ತಾರಾ?

ಕುಂಬಳೆ ಫ್ರಿಜ್ ರಿಪೇರಿ | ಸೋಮವಾರ ರಾತ್ರಿ 9:05

ಅಮ್ಮ, ಇದು ಬಹಳ ಒಳ್ಳೆಯ ಪ್ರಶ್ನೆ. ಕಾರ್ಬನ್ ಡೈಆಕ್ಸೈಡಿಗೆ ಒಂದು ಹಟ ಇದೆ. 31 ಡಿಗ್ರಿ ದಾಟಿದರೆ ಎಷ್ಟು ಹಿಂಡಿದರೂ ಬೇರೆ ಗ್ಯಾಸಿನ ಹಾಗೆ ಅದು ದ್ರವ ಆಗುವುದಿಲ್ಲ. ಬಿಸಿಯನ್ನು ಒಂದೇ ಏಟಿಗೆ ಬಿಡದೆ ಮೆಟ್ಟಿಲು ಇಳಿದ ಹಾಗೆ ಬಿಡುತ್ತಾ ತಣ್ಣಗಾಗುತ್ತದೆ. ಊರಿನಿಂದ ವಾಪಸು ಬರುವ ನೀರು 35 ಇದ್ದರೆ ಕೊನೆಯ ಮೆಟ್ಟಿಲಿನವರೆಗೂ ಬಿಸಿ ಹಿಂಡಿ ತೆಗೆಯಬಹುದು. 50 ಇದ್ದರೆ ಅಲ್ಲಿಗೇ ನಿಂತಿತು, ಉಳಿದದ್ದು ಸಿಗುವುದಿಲ್ಲ, ಕರೆಂಟು ಮಾತ್ರ ಖರ್ಚು. 25,000 ಮನೆಯವರು ಒಂದೆರಡು ಡಿಗ್ರಿ ತಣಿಸಿ ಕಳಿಸಿದರೆ ಅಲ್ಲಿ ಮೆಷಿನ್ ಉಸಿರಾಡುತ್ತದೆ.

ಮಗಳ ಹತ್ತಿರ ಮೀಟರಿನ ಫೋಟೋ ಕೇಳಿ. ಒಳಗೆ ಬರುವುದು ಎಷ್ಟು, ಹೊರಗೆ ಹೋಗುವುದು ಎಷ್ಟು.

ನೀರ್ಚಾಲಿನ ಅಜ್ಜಿ | ಮಂಗಳವಾರ ಮಧ್ಯಾಹ್ನ 12:40

ಫೋಟೋ ಬಂತು. ಒಳಗೆ 66, ಹೊರಗೆ 47.

ಕುಂಬಳೆ ಫ್ರಿಜ್ ರಿಪೇರಿ | ಮಂಗಳವಾರ ಮಧ್ಯಾಹ್ನ 12:55

47 ಜಾಸ್ತಿ ಆಯಿತು. ಎಲ್ಲೋ ಒಂದು ರೇಡಿಯೇಟರ್ ಪೂರ್ತಿ ತೆರೆದೇ ಇದೆ. ನೀರು ನಿಲ್ಲದೆ ಓಡಿ, ಬಿಸಿ ಕೊಡುವ ಮೊದಲೇ ವಾಪಸು ಹೋಗುತ್ತಿದೆ. ಯಾವ ಕೋಣೆಯದ್ದು 5ಕ್ಕೆ ತಿರುಗಿಸಿಟ್ಟಿದ್ದಾರೆ ಅಂತ ನೋಡಲು ಹೇಳಿ.

ನೀರ್ಚಾಲಿನ ಅಜ್ಜಿ | ಮಂಗಳವಾರ ರಾತ್ರಿ 7:50

ಮಗುವಿನ ಕೋಣೆಯದ್ದು. ತಿರುಗಿಸಿದ್ದು ನಾನೇ. ಊರಿಗೆ ಹೊರಡುವ ದಿನ ಮಗುವಿಗೆ ಚಳಿ ಆಗಬಾರದು ಅಂತ ಕೊನೆಯವರೆಗೆ ತಿರುಗಿಸಿ ಬಂದಿದ್ದೆ. ಅಮ್ಮ ಇಟ್ಟದ್ದು ಅಂತ ಇಷ್ಟು ದಿನ ಯಾರೂ ಮುಟ್ಟಿಲ್ಲವಂತೆ. ಇವತ್ತು ಅಳಿಯ 3ಕ್ಕೆ ಇಳಿಸಿದ್ದಾನೆ. ದಂಡದ ದುಡ್ಡು ನನ್ನ ಲೆಕ್ಕಕ್ಕೆ ಬರೆಯಲು ಹೇಳಿದ್ದೇನೆ.